ಅಪ್ಪನ ಫೋಟೋದ ಕುಂಕುಮ

ಕಂಪ್ಯೂಟರ್ ಪೂರ್ತಿ ಬಲ್ಲವರಿಗೆ ಕೆಲಸ ಹೇಳಲು ಮನೆಯವರು ಹೆದರುತ್ತಾರೆ. ನನ್ನಂಥ ಅರ್ಧ ಬಲ್ಲವನನ್ನು ಮಾತ್ರ ಬಿಡುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ನಡೆಸುವ ನಮ್ಮಣ್ಣ ವೆಬ್‌ಸೈಟ್ ಮಾಡಿಸಲು ಹೊರಟಾಗ, ಫೋಟೋಗಳನ್ನು ಸ್ಕ್ಯಾನ್ ಮಾಡಿ ಚೊಕ್ಕಟ ಮಾಡುವ ಕೆಲಸ ರಾಣೆಬೆನ್ನೂರಿನಲ್ಲಿದ್ದ ನನ್ನ ಕೊರಳಿಗೆ ಬಿತ್ತು. ಮೊದಲ ಪುಟದಲ್ಲಿ ಮೇಲೆ ಅಂಗಡಿ ಕಟ್ಟಿದ ಅಪ್ಪ, ಕೆಳಗೆ ನಾವು ಮಕ್ಕಳಿಬ್ಬರು.

ಅಪ್ಪನ ಆ ಫೋಟೋ ಅಂಗಡಿ ತೆರೆದ ವರ್ಷ, ಅವರ ಹರೆಯದಲ್ಲಿ ತೆಗೆಸಿದ್ದು. ಅವರು ತೀರಿಹೋದ ಮೇಲೆ ಅವ್ವ ದಿನಾ ಬೆಳಿಗ್ಗೆ ಅದಕ್ಕೆ ಕುಂಕುಮ ಹಚ್ಚುತ್ತಾಳೆ. ಗಾಜು ಒಡೆದಿದ್ದರಿಂದ ಕುಂಕುಮವೆಲ್ಲ ಕಾಗದಕ್ಕೇ ಅಂಟಿತ್ತು. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಅಪ್ಪ ಹೋಳಿ ಆಡಿ ಬಂದವರ ಹಾಗೆ ಕಂಡರು. ಕೆನ್ನೆಯ ಚೂರನ್ನು ನಕಲು ಮಾಡಿ ಹಣೆಗೆ ಅಂಟಿಸುತ್ತ ಕುಳಿತೆ. ಒಮ್ಮೆ ಅರ್ಧ ಹುಬ್ಬೇ ಹಾರಿಹೋಯಿತು, ಮತ್ತೆ ತಂದು ಕೂಡಿಸಿದೆ. ಬದುಕಿದ್ದಾಗ ಅವರ ಮುಖವನ್ನು ಇಷ್ಟು ಹೊತ್ತು ನೋಡಿದವನಲ್ಲ, ನೋಡಿದ್ದರೆ ಬೈಯುತ್ತಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಅವರ ಮೇಲೆ ವಿಪರೀತ ಪ್ರೀತಿ ಬಂದುಬಿಟ್ಟಿತ್ತು.

ಸೈಟು ಶುರುವಾದ ದಿನ ಬ್ಯಾಡಗಿಯ ಮನೆಯಲ್ಲಿ ಅವ್ವ ಕಂಪ್ಯೂಟರ್ ಮುಂದಿನಿಂದ ಏಳಲೇ ಇಲ್ಲ. “ಅಂಗಡಿ ಪೂಜಾ ದಿನ ಖರೇನ ಹಿಂಗ ಇದ್ರು ನೋಡು” ಎಂದಳು.

ಅಣ್ಣನ ಮುಖ ಗಂಟಾಯಿತು. “ಇನ್ನೂ ಇದ್ದವರಂಗ ಕಾಣ್ತಾರಲೋ. ನೋಡಿದ ಮಂದಿ ಏನ್ ತಿಳ್ಕೋಬೇಕು? ಕುಂಕುಮ ಇಡು, ಒಂದು ಹಾರ ಹಾಕು.”

“ಮನ್ಯಾಗಿನ ಫೋಟೋಕ್ಕ ನಾ ದಿನಾ ಹಚ್ಚತೇನಿ. ಇದೊಂದರಾಗರ ಹಂಗ ಇರಲಿ ಬಿಡಪಾ” ಎಂದಳು ಅವ್ವ.

ಇಬ್ಬರೂ ನನ್ನ ಮುಖ ನೋಡಿದರು. ಹಾರ ಹಾಕುವುದು ನನಗೆ ಬರುವುದಿಲ್ಲ ಎಂದು ಸುಳ್ಳು ಹೇಳಿದೆ. ನನ್ನ ಅರ್ಧ ವಿದ್ಯೆ ಅಂದು ಉಪಯೋಗಕ್ಕೆ ಬಂತು.

ಅಣ್ಣ ಬಿಡುವವನಲ್ಲ. ಮುಂದಿನ ಭಾನುವಾರ ನಾನು ಮತ್ತೆ ಬ್ಯಾಡಗಿಗೆ ಹೋದಾಗಲೂ ಅದೇ ವಾದ. ನಡುವೆ ಫೋನ್ ಬಂತು. ಅವ್ವ ಎತ್ತಿದಳು.

“ಹೌದ್ರಿ, ಮೆಣಸಿನಕಾಯಿ ಅಂಗಡೀನ. ಫೋಟೋದಾಗ ನೋಡೀರೇನು? ಹಿರ್ಯಾರ ಕೂಡ ಮಾತಾಡಬೇಕ್ರಿ? ಯಾರು, ಆ ಬೋಳತಲಿ, ಚಸ್ಮಾ ಹಾಕ್ಕೊಂಡವ್ರಾ?” ಅವ್ವ ನನ್ನ ಕಡೆ ತಿರುಗಿ ನೋಡಿದಳು. “ಅವ ನನ್ನ ಸಣ್ಣ ಮಗ ಅದಾನ್ರಿ. ಯಜಮಾನ್ರು ಮ್ಯಾಲಿನ ಫೋಟೋದಾಗ ಅದಾರ ನೋಡ್ರಿ, ರುಮಾಲ ಸುತ್ತಿದವರು. ಈಗ ಹೊರಗ ಹೋಗ್ಯಾರ. ದೊಡ್ಡ ಮಗ ಅದಾನ, ಮಾತಾಡ್ರಿ.”

ಅಣ್ಣ ಫೋನ್ ಹಿಡಿದು ಗಂಟಲು ಸರಿಮಾಡಿಕೊಂಡ. ಮಾತು ಮುಗಿಸಿ ಬಂದವನು ಅವ್ವನ ಮುಖ ನೋಡಿದ.

“ಅಪ್ಪಂದು ಹಂಗ ಇರಲಿ” ಎಂದ ನನಗೆ. “ನಿಂದಷ್ಟು ತಗದು ಹಾಕು.”