ಪೇಪರಿನವರು ನನ್ನ ತಾಳಿ ದಾನ ಮಾಡಿದ್ದು

ಅಚ್ಚಾದದ್ದೆಲ್ಲ ನಿಜ ಎಂದು ನಂಬಿದ್ದವಳು ನಾನು. ಬಾಯಿಮಾತಿಗೆ ಗ್ಯಾರಂಟಿ ಇಲ್ಲ. ಇವತ್ತು ಹೇಳಿದವನೇ ನಾಳೆ ಹೇಳಿಲ್ಲ ಅನ್ನಬಹುದು. ಅಚ್ಚು ಹಾಗಲ್ಲ. ಮಷೀನು ಕೂರಿಸಿ, ಮೊಳೆ ಜೋಡಿಸಿ, ಮಸಿ ಬಳಿದು, ಅಷ್ಟೆಲ್ಲ ಒದ್ದಾಡಿ ಯಾರಾದರೂ ಸುಳ್ಳು ಹೇಳುತ್ತಾರೆಯೇ? ಸುಳ್ಳಿಗೆ ಬಾಯಿ ಸಾಕಲ್ಲ! ಇದು ನನ್ನ ವಾದ. ನನಗೆ ಓದಲು ಬರುವುದು ಅಷ್ಟಕ್ಕಷ್ಟೆ. ಒತ್ತಕ್ಷರ ಎದುರಾದರೆ ಹಳ್ಳದ ಸಂಕದ ಮುಂದೆ ನಿಂತ ಹಾಗೆ ನಿಂತು, ಕಾಲಿಟ್ಟು ನೋಡಿ, ಮೆಲ್ಲಗೆ ದಾಟಬೇಕು. ಅಷ್ಟು ಕಷ್ಟಪಟ್ಟು ದಾಟಿದ ಮೇಲೆ ಆಚೆ ದಡದಲ್ಲಿ ಸುಳ್ಳು ಕಾದು ನಿಂತಿರುತ್ತದೆ ಎಂದು ಯಾರಿಗೆ ಅನ್ನಿಸೀತು?

ಕರೆಂಟು ತೆಗೆಯಲಿಕ್ಕೆ ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ ಅದು. ಸರ್ವೆಯವರು ಬಂದು, ನಮ್ಮ ಊರು ಮುಳುಗುತ್ತದೆ ಎಂದು ಹೇಳಿ, ಮರಗಳಿಗೆ ಬಣ್ಣ ಹಚ್ಚಿ ಹೋಗಿದ್ದರು. ಊರು ಅಂದರೆ ಏಳೆಂಟು ಮನೆ. ಮುಳುಗಿಸಲಿಕ್ಕೆ ಅಷ್ಟು ದೊಡ್ಡ ಅಣೆಕಟ್ಟು ಬೇಕಾಗಿರಲಿಲ್ಲ, ಕೇಳಿದ್ದರೆ ನಾವೇ ಹಳ್ಳಕ್ಕೆ ಒಂದು ಒಡ್ಡು ಹಾಕಿಕೊಡುತ್ತಿದ್ದೆವು.

ನನ್ನ ಮನೆಗೂ ನನ್ನ ವಾರಗಿತ್ತಿ ಗಾಮಕ್ಕನ ಮನೆಗೂ ನಡುವೆ ಒಂದೇ ಗೋಡೆ. ನನ್ನ ಗಂಡನ ಅಣ್ಣನ ಹೆಂಡತಿ ಆಕೆ. ಗೋಡೆಯ ಆಚೆ ಆಕೆ, ಈಚೆ ನಾನು ಕೂತು, ಒಬ್ಬರನ್ನೊಬ್ಬರು ಬೈದುಕೊಂಡೇ ತಲೆ ನೆರೆಸಿಕೊಂಡವರು. ಮುಳುಗುವುದಾದರೆ ಮುಳುಗಲಿ, ಎಲ್ಲ ಮನೆಗೂ ಒಂದೇ ಕಡೆ ಜಾಗ ಕೊಡಿ ಎಂಬುದು ಊರಿನವರ ಬೇಡಿಕೆ. ನನ್ನದು ಇನ್ನೂ ಸಣ್ಣದು. ಗಾಮಕ್ಕ ಕೂಗಿದರೆ ನನಗೆ ಕೇಳಬೇಕು, ಅಷ್ಟೆ. ಹೊಸ ಜಾಗದಲ್ಲಿ ಯಾರೋ ಹೊಸಬರನ್ನು ಹಿಡಿದು, ಮೊದಲಿನಿಂದ ಜಗಳ ಕಲಿಸಿ ತಯಾರು ಮಾಡಲು ನನಗೆ ವಯಸ್ಸು ಇರಲಿಲ್ಲ!

ಆ ವರ್ಷದ ಭೂಮಿ ಹುಣ್ಣಿಮೆ ಬಂತು. ಹೊಡೆ ತುಂಬಿದ ಬತ್ತ ನಮಗೆ ಬಸುರಿ ಹೆಂಗಸಿದ್ದ ಹಾಗೆ. ಬಯಕೆ ಊಟ ಅಂತ ಕಡುಬು, ಸೊಪ್ಪಿನ ಪಲ್ಯ ಎಲ್ಲ ಮಾಡಿ ಗದ್ದೆಗೆ ಹೊತ್ತು ಬಡಿಸುತ್ತೇವೆ. ಕೊರಳಿನ ತಾಳಿ ತೆಗೆದು ಬತ್ತದ ಗಿಡಕ್ಕೆ ತೊಡಿಸಿ, ಪೂಜೆ ಮುಗಿಸಿ, ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತೇವೆ.

"ಮುಳುಗೋ ಗದ್ದೆಗೆ ಎಂತ ಸೀಮಂತನೇ?" ಎಂದು ಯಜಮಾನರು ಬುಟ್ಟಿ ಹೊರುವಾಗಲೇ ಗೊಣಗಿದರು.

"ಸಾಯ್ತಾಳೆ ಅಂತ ಬಸುರಿಗೆ ಉಣ್ಣಾಕೆ ಹಾಕದೆ ಇರ್ತಾರಾ? ನಡೀರಿ ಸುಮ್ನೆ."

ನಾವು ಪೂಜೆಗೆ ನಿಂತಿದ್ದಾಗ ಕಾರ್ಗಲ್ ಕಡೆಯಿಂದ ಬಂದ ಜೀಪೊಂದು ರಸ್ತೆಯಲ್ಲಿ ನಿಂತಿತು. ಅದರಿಂದ ಇಳಿದವನು ಪೇಪರಿನವನು. ಅಣೆಕಟ್ಟು ನೋಡಿಕೊಂಡು ವಾಪಸು ಹೋಗುತ್ತಿದ್ದನಂತೆ. ಬೂಟು ಹಾಕಿಕೊಂಡೇ ಗದ್ದೆಯಂಚಿನ ಮೇಲೆ ಜಾರುತ್ತ ಬಂದು, ಕೊರಳಿಗೆ ತೂಗುಹಾಕಿದ್ದ ಕ್ಯಾಮೆರಾ ಎತ್ತಿದ.

"ಅಮ್ಮಾ, ಆ ಸರ ತೆಗೆಯೋದು ಇನ್ನೊಂದು ಸಲ ಮಾಡಿ. ಬೆಳಕು ಸಾಲದು."

ಮಾಡಿದೆ.

"ಇನ್ನೊಂದೇ ಸಲ. ಸ್ವಲ್ಪ ನಗಿ."

ಯಜಮಾನರಿಗೆ ತಡೆಯಲಿಲ್ಲ. "ಒಂದು ಬಸುರಿಗೆ ಎಷ್ಟು ಸಲ ಸೀಮಂತ ಮಾಡ್ತೀಯೇ? ಅವಳಿ ಜವಳಿ ಹುಟ್ತಾವಾ?"

ನನಗೆ ನಗು ಉಕ್ಕಿ ಬಂತು. ಕ್ಯಾಮೆರಾ ಟಕ್ ಎಂದಿತು. ನನ್ನ ಹಾಳಾದ ನಗು!

ಆಮೇಲೆ ನಾನು ಅವನನ್ನು ಸುಮ್ಮನೆ ಬಿಡಲಿಲ್ಲ. ಅಂಚಿನ ಮೇಲೆ ಕೂರಿಸಿ, ಕಡುಬು ಕೊಟ್ಟು, ನಮ್ಮ ಊರಿನ ಕಷ್ಟವನ್ನು ಬುಡದಿಂದ ತುದಿಯವರೆಗೆ ಹೇಳಿದೆ. ಎಲ್ಲರಿಗೂ ಒಂದೇ ಕಡೆ ಜಾಗ ಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದೆ. "ಎಲ್ಲಾ ಬರ್ಕಂಡ್ರಾ?" ಎಂದು ಕೇಳಿದೆ. "ಎಲ್ಲಾ ಬರಕೊಂಡೆ ಅಮ್ಮ" ಎಂದ. ಅವನು ಬರೆದದ್ದು ಸತ್ಯ, ಕಣ್ಣಾರೆ ಕಂಡಿದ್ದೇನೆ. ಏನು ಬರೆದಿದ್ದಾನೆ ಎಂದು ಬಗ್ಗಿ ನೋಡಿದೆ. ಇಂಗ್ಲಿಷು!

ಮನೆಗೆ ಬಂದು ಗಾಮಕ್ಕನಿಗೆ, "ಇನ್ನು ಎಂತ ಹೆದ್ರಿಕೆ ಇಲ್ಲ ಕಣೆ, ಪೇಪರಿಗೆ ಹೇಳಿದೀನಿ" ಎಂದು ಭರವಸೆ ಕೊಟ್ಟೆ. ಮಂತ್ರಿಗಳು ಕೂಡ ಅಷ್ಟು ಧೈರ್ಯವಾಗಿ ಭರವಸೆ ಕೊಟ್ಟಿರಲಿಕ್ಕಿಲ್ಲ.

ಅಷ್ಟರಲ್ಲಿ ಚೀನಾ ಯುದ್ಧ ಶುರುವಾಯಿತು. ದೇಶಕ್ಕೆ ಬಂಗಾರ ಕೊಡಿ ಎಂದು ಊರೂರಿನಲ್ಲಿ ಸಭೆಗಳಾಗತೊಡಗಿದವು. ಮುಳುಗುವವರ ಸುದ್ದಿ ಯಾರಿಗೂ ಬೇಡವಾಯಿತು. ಆದರೆ ಪೇಪರಿನವನ ಹತ್ತಿರ ನನ್ನ ಫೋಟೋ ಇತ್ತಲ್ಲ, ಹಾಳು ಮಾಡುವುದು ಹೇಗೆ?

ಬಸ್ಸು ನಿಲ್ಲುವಲ್ಲಿ ಶೀನಪ್ಪನ ಹೋಟೆಲು. ನಮ್ಮ ಸೀಮೆಗೆಲ್ಲ ಪೇಪರು ಬರುತ್ತಿದ್ದದ್ದು ಅಲ್ಲಿಗೇ. ಅವನು ಹೇಳಿ ಕಳಿಸಿದ ಎಂದು ಇಡೀ ಊರು ಹೋಯಿತು. ಹೋಗಿ ನೋಡಿದರೆ, ಮೊದಲ ಪುಟದಲ್ಲಿ ನಾನು! ಕೊರಳಿನ ತಾಳಿ ಕೈಯಲ್ಲಿ ಹಿಡಿದು, ಹಲ್ಲೆಲ್ಲ ಬಿಟ್ಟು ನಗುತ್ತಿದ್ದೇನೆ. ಶೀನಪ್ಪ ಗಂಟಲು ಸರಿಮಾಡಿಕೊಂಡು ಓದಿದ: "ಭೂಮಿ ಬೆಳಕಿಗೆ, ಬಂಗಾರ ಯುದ್ಧಕ್ಕೆ! ಮುಳುಗಡೆಯ ಮಹಾತಾಯಿ!" ಗದ್ದೆಯನ್ನು ನಗುನಗುತ್ತ ಬಿಟ್ಟುಕೊಟ್ಟ ಈ ತಾಯಿ ಮಾಂಗಲ್ಯವನ್ನೂ ದೇಶಕ್ಕೆ ಅರ್ಪಿಸಿದ್ದಾರೆ. "ನಮಗೆ ಬೇರೇನೂ ಬೇಡ" ಎಂದು ಇಡೀ ಊರಿನ ಪರವಾಗಿ ನುಡಿದಿದ್ದಾರೆ.

ನಾನು ಕೊರಳು ಮುಟ್ಟಿ ನೋಡಿಕೊಂಡೆ. ತಾಳಿ ಇತ್ತು. ಆದರೂ ಒಂದು ಗಳಿಗೆ ಸಂಶಯವಾಯಿತು. ಅಚ್ಚಾಗಿದೆಯಲ್ಲ!

"ಸುಳ್ಳು! ಇಲ್ಲೇ ಐತಲ್ಲ ನೋಡ್ರೋ!" ಎಂದು ಸೆರಗು ಸರಿಸಿ ತೋರಿಸಿದೆ.

ಎಲ್ಲರೂ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಮಕ್ಕ ಮೆಲ್ಲಗೆ ಹೇಳಿದಳು: "ಅದು ಗಿಲೀಟು."

"ಏನಂದಿ?"

"ಬಂಗಾರದ್ದು ಅವರಿಗೆ ಕೊಟ್ಟು ಗಿಲೀಟಿಂದು ಹಾಕ್ಕಂಡೀಯ. ಇಲ್ದಿದ್ರೆ ಪೇಪರ್ನಾಗೆ ಎಂತಕ್ಕೆ ಬರ್ತದೆ?" ಎಂದವಳೇ ಸರ ಎಳೆದು ಕಚ್ಚಿ ನೋಡಿದಳು. ಕಚ್ಚಿದ ಮೇಲೂ ತೀರ್ಪು ಬದಲಾಗಲಿಲ್ಲ. "ಈಗಿನ ಗಿಲೀಟು ಗಟ್ಟಿ ಬರ್ತದೆ" ಎಂದಳು!

ಮನೆಗೆ ಬಂದರೆ ಯಜಮಾನರದು ಬೇರೆ ರಾಗ. "ನಂಗೊಂದು ಮಾತು ಹೇಳಬಾರ್ದಾಗಿತ್ತಾ?"

"ನಿಮ್ಮ ಎದುರಿಗೇ ವಾಪಸ್ ಹಾಕ್ಕಂಡೆನಲ್ಲ ಮಾರಾಯ್ರೆ!"

"ಹಾಕ್ಕಂಡಿದ್ದು ಕಂಡೆ. ಆದ್ರೆ ತೆಗೆದಿದ್ದು ಬಾಳ ಸಲ ಕಂಡೆ."

ತಾಳಿಯ ಮಾತು ಹಾಗಿರಲಿ. "ಬೇರೇನೂ ಬೇಡ" ಎಂದು ಊರಿನ ಪರವಾಗಿ ಹೇಳಲು ಇವಳು ಯಾರು ಎಂದು ಜನ ಮಾತು ಬಿಟ್ಟರು. ಗೋಡೆಯ ಆಚೆಯಿಂದ ಬೈಗುಳ ಕೂಡ ನಿಂತಿತು. ಇದನ್ನು ಸರಿಮಾಡಲೇಬೇಕು ಎಂದು ಯಜಮಾನರನ್ನು ಎಳೆದುಕೊಂಡು ಸಾಗರಕ್ಕೆ ಹೋದೆ. ಪೇಪರಿನವನ ಕೋಣೆ ಒಂದು ಅಂಗಡಿಯ ಮಹಡಿಯಲ್ಲಿತ್ತು. ಏದುಸಿರು ಬಿಡುತ್ತ ಹತ್ತಿ, ತಾಳಿಯನ್ನು ಅವನ ಮೂಗಿನ ಹತ್ತಿರ ಹಿಡಿದೆ.

"ನೋಡಪ್ಪ. ನಾ ಕೊಟ್ಟಿಲ್ಲ. ಏನೂ ಬೇಡ ಅಂತನೂ ಹೇಳಿಲ್ಲ. ಒಂದೇ ಕಡೆ ಜಾಗ ಬೇಕು ಅಂದೆ. ತಿದ್ದಿ ಹಾಕು."

ಅವನು ಎದ್ದು ನಿಂತು ಕೈಮುಗಿದ. "ಎಂಥ ದೊಡ್ಡ ಮನಸ್ಸಮ್ಮ ನಿಮ್ಮದು! ಕೊಟ್ಟೂ ಕೊಟ್ಟಿಲ್ಲ ಅಂತೀರಲ್ಲ!"

"ಅಯ್ಯೋ, ಕೊಟ್ಟಿಲ್ಲ ಅಂದ್ರೆ ಕೊಟ್ಟಿಲ್ಲ!"

"ಬರಕೊಂಡೆ ಅಮ್ಮ, ಬರಕೊಂಡೆ."

ಅವನು ತಿದ್ದಿ ಹಾಕಿದ್ದು ಹೀಗೆ: "ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದೆನ್ನುವ ಮಹಾತಾಯಿ! ಪ್ರಶಂಸೆ ಒಲ್ಲೆನೆಂದು ಹೇಳಲು ಸಾಗರಕ್ಕೆ ಪ್ರಯಾಣ!" ಮೊದಲ ಸಲದ ಸುದ್ದಿಯಲ್ಲಿ ಅಲ್ಪಸ್ವಲ್ಪ ಅನುಮಾನವಿದ್ದವರಿಗೂ ಈಗ ಖಾತ್ರಿಯಾಯಿತು.

ಆಮೇಲೆ ಜಾಗ ಹಂಚುವ ಸಾಹೇಬರ ಮುಂದೆ ನಮ್ಮ ಊರಿನವರ ಸರದಿ ಬಂತು. ಬೇಡ ಎಂದರೂ ನಾನೂ ಹೋದೆ. ಹಿರಿಯರು ಕೈಮುಗಿದು ಎಲ್ಲರಿಗೂ ಒಂದೇ ಕಡೆ ಜಾಗ ಕೇಳಿದರು. ಸಾಹೇಬರು ಮೇಜಿನ ಖಾನೆ ಎಳೆದು ಪೇಪರು ತೆಗೆದರು. "ಏನೂ ಬೇಡ ಅಂತ ನಿಮ್ಮೂರಿನವರೇ ಹೇಳಿದ್ದಾರಲ್ಲ?"

ನಾನು ಮುಂದೆ ನುಗ್ಗಿದೆ. "ಅದು ನಾನೇ ಸ್ವಾಮಿ. ನಾ ಹಂಗೆ ಹೇಳೇ ಇಲ್ಲ."

ಅವರು ಫೋಟೋ ನೋಡಿದರು. ನನ್ನನ್ನು ನೋಡಿದರು. "ಇದು ನೀವಲ್ಲಮ್ಮ. ಈ ತಾಯಿ ಎಷ್ಟು ಚೆನ್ನಾಗಿ ನಗ್ತಿದ್ದಾರೆ!"

ಈಗ ನಾನು ನಾನೇ ಎಂದು ರುಜುವಾತು ಮಾಡಬೇಕು. ಇಡೀ ಊರು ಹಿಂದೆ ನಿಂತಿದೆ. ಮನೆ ಹೋಗುತ್ತಿದೆ, ಗದ್ದೆ ಹೋಗುತ್ತಿದೆ. ಸಾಹೇಬರ ಮುಖಕ್ಕೆ ಮುಖ ಕೊಟ್ಟು, ಇದ್ದಬದ್ದ ಹಲ್ಲೆಲ್ಲ ತೋರಿಸಿ ನಕ್ಕೆ.

"ಹೌದು, ನೀವೇ!" ಎಂದರು ಸಾಹೇಬರು. ಪೇಪರು ಮಡಚಿ ಖಾನೆಗೆ ಹಾಕಿದರು. "ಮತ್ತೆ ಸಂತೋಷವಾಗೇ ಇದ್ದೀರಲ್ಲಮ್ಮ. ಹೋಗಿ ಬನ್ನಿ. ಎಲ್ಲೆಲ್ಲಿ ಖಾಲಿ ಇದೆಯೋ ಅಲ್ಲಲ್ಲಿ ಒಬ್ಬೊಬ್ಬರಿಗೆ ಜಾಗ ಕೊಡ್ತೀವಿ."

ಅಂದಿನಿಂದ ನಾನು ಪೇಪರಿನ ವಿಷಯದಲ್ಲಿ ಪಂಡಿತಳಾದೆ. ಶೀನಪ್ಪ ಏನು ಓದಿದರೂ "ಸುಳ್ಳು" ಎನ್ನುತ್ತಿದ್ದೆ. ಮಳೆ ಬರುತ್ತದೆ ಎಂದು ಓದಿದರೂ ಸುಳ್ಳು, ಮಳೆಯಲ್ಲಿ ನೆನೆದುಕೊಂಡು ಹೇಳಿದ್ದೂ ಉಂಟು! ಊರಿನವರಿಗೂ ನಿಧಾನವಾಗಿ ನಾನು ಹೇಳಿದ್ದು ಸರಿ ಎನ್ನಿಸಿತು. ಅದೇ ಹೋಟೆಲಿನೊಳಗೆ ಹುಲಿ ಹಿಡಿದರೆಂದು ಪೇಪರಿನಲ್ಲಿ ಬಂದ ಸುದ್ದಿ ಸುಳ್ಳಾದ ಮೇಲಂತೂ, "ಪೇಪರಿನ ವಿಚಾರ ಚೌಡಮ್ಮನ್ನ ಕೇಳಿ" ಎನ್ನುವಷ್ಟು ನನ್ನ ಕೀರ್ತಿ ಹಬ್ಬಿತು. ಗಾಮಕ್ಕ ಮತ್ತೆ ಬೈಯತೊಡಗಿದಳು. ನನಗೆ ಜೀವ ಬಂತು.

ಮರುವರ್ಷದ ಮಳೆಗಾಲ ಕಳೆದ ಮೇಲೆ ಪೇಪರಿನಲ್ಲಿ ಒಂದು ಪ್ರಕಟಣೆ ಬಂತು. ಒಂದೇ ಕಡೆ ಜಾಗ ಬೇಕಾದ ಮುಳುಗಡೆ ಊರಿನವರು ಬರುವ ಸೋಮವಾರ ಹೊಸನಗರಕ್ಕೆ ಖುದ್ದಾಗಿ ಹಾಜರಾಗತಕ್ಕದ್ದು. ನಿಟ್ಟೂರಿನ ಕಡೆ ಜಾಗ ಗೊತ್ತು ಮಾಡಲಾಗಿದೆ. ಶೀನಪ್ಪ ಎರಡು ಸಲ ಓದಿದ. ಎಲ್ಲರೂ ನನ್ನ ಕಡೆ ತಿರುಗಿದರು.

"ಹೋಗಿ ನೋಡಾಣ ಕಣೆ ಚೌಡಿ" ಎಂದಳು ಗಾಮಕ್ಕ. "ಸುಳ್ಳಾದ್ರೆ ಒಂದು ದಿನದ ಕೆಲಸ ಹಾಳು, ಅಷ್ಟೇಯ."

"ಹೋಗು. ಫೋಟೋ ಹೊಡೀತಾರೆ. ನಾಳೆ ನಿನ್ನ ಕಿವಿದೂ ದಾನ ಆಗಿರ್ತದೆ" ಎಂದೆ.

ಎಲ್ಲರೂ ನಕ್ಕರು. ಯಾರೂ ಹೋಗಲಿಲ್ಲ.

ಪ್ರಕಟಣೆ ನಿಜವಾಗಿತ್ತು. ಹೊಳೆಯ ಆಚೆ ದಡದ ಊರಿನವರು ಹೋಗಿದ್ದರು. ನಿಟ್ಟೂರಿನ ಕಡೆಯ ಜಾಗ ಅವರಿಗಾಯಿತು.

ಲಾರಿಗಳು ಬಂದ ದಿನ ನಮ್ಮ ಸಾಮಾನು ಸಾಗರದ ಆಚೆಗೆ ಹೋಗುವ ಲಾರಿಗೆ, ಗಾಮಕ್ಕನದು ತೀರ್ಥಹಳ್ಳಿ ಕಡೆ, ಕೋಣಂದೂರಿನಿಂದಲೂ ಮುಂದೆ ಹೋಗುವ ಲಾರಿಗೆ. ಆಕೆ ಒಲೆಕಲ್ಲು ಮಡಿಲಲ್ಲಿಟ್ಟುಕೊಂಡು ಮೇಲೆ ಕೂತಿದ್ದಳು. ನಾನು ಕೆಳಗೆ ನಿಂತು ಬೈಗುಳಕ್ಕೆ ಕಾದೆ. ಆಕೆ ಬೈಯಲಿಲ್ಲ. "ಹುಷಾರು" ಎಂದಳು. ಅಂಥ ಕೆಟ್ಟ ಮಾತು ಆಕೆ ನನಗೆ ಯಾವತ್ತೂ ಆಡಿರಲಿಲ್ಲ.

ಮೂರ್ನಾಲ್ಕು ವರ್ಷದ ಮೇಲೆ, ಕೋಣಂದೂರು ಸಂತೆಗೆ ಹೋಗಿ ಬರುವ ಬಳೆಗಾರನೊಬ್ಬ ನಮ್ಮ ಜಗಲಿಗೆ ಬಂದ. "ಗಾಮಕ್ಕ ಮಲಗಿಬಿಟ್ಟಾರೆ. ನಿಮ್ಮನ್ನ ನೋಡಬೇಕಂತೆ. ಬೇಗ ಹೋಗಿ" ಎಂದ.

ನಾನು ಅಷ್ಟು ಸುಲಭಕ್ಕೆ ಸಿಗುವವಳೇ? "ನೀ ಕಣ್ಣಾರೆ ಕಂಡ್ಯಾ?"

"ಇಲ್ಲ ಅಮ್ಮ. ಸಂತೇಲಿ ಅವರ ಮನೆಯವರು ಹೇಳಿ ಕಳ್ಸಿದ್ದು."

"ಯಾರು? ಮಗನಾ? ಸೊಸೆಯಾ?"

"ಗೊತ್ತಿಲ್ಲ."

"ಹಂಗಾರೆ ಮುಂದಿನ ಸಲ ಹೋದಾಗ ಸರಿಯಾಗಿ ವಿಚಾರಿಸಿಕೊಂಡು ಬಾ" ಎಂದು ನೀರು ಬೆಲ್ಲ ಕೊಟ್ಟು ಕಳಿಸಿದೆ. ಗಾಮಕ್ಕ ಮಲಗುವ ಜಾತಿಯವಳೇ ಅಲ್ಲ ಎಂದು ಯಜಮಾನರಿಗೂ ವಿವರಿಸಿದೆ.

ಬಳೆಗಾರ ತಿರುಗಿ ಬರಲಿಲ್ಲ. ಕಾದು ಕಾದು, ಮನಸ್ಸು ತಡೆಯದೆ, ಬಸ್ಸು ಹತ್ತಿ ಹೋದೆ. ಹಿಂದಿನ ದಿನವಷ್ಟೇ ತಿಥಿ ಮುಗಿದಿತ್ತು.

ಗಾಮಕ್ಕನ ಸೊಸೆ ಕಾಲಿಗೆ ನೀರು ಕೊಟ್ಟಳು. "ಹೇಳಿ ಕಳ್ಸಿದ್ವಲ್ಲ ಚಿಕ್ಕತ್ತೆ. ಬಾಗಿಲ ಕಡೀಗೇ ನೋಡ್ತಿದ್ರು. ಸುದ್ದಿ ಮುಟ್ಲಿಲ್ವಾ?"

"ಮುಟ್ಟಿತ್ತು."

"ಮತ್ತೆ?"

"ಹೌದೋ ಅಲ್ಲೋ ಅಂತ ವಿಚಾರಿಸ್ತಿದ್ದೆ" ಎಂದೆ.

ಅವಳು ಒಳಗೆ ಹೋಗಿ, ಎಡೆಗೆ ಮಾಡಿ ಉಳಿದಿದ್ದ ಕಜ್ಜಾಯವನ್ನು ಎಲೆಯಲ್ಲಿ ತಂದು ನನ್ನ ಮುಂದೆ ಇಟ್ಟಳು. ನಾನು ಎತ್ತಿಕೊಂಡು ಮೊದಲು ಮೂಸಿ ನೋಡಿದೆ. ಹಳಸಿರಲಿಲ್ಲ.