ಟಿಲ್‌ಬರ್ಗ್‌ಗೆ ಬಂದಿಳಿದ ಶೆರ್ಪಾ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಸೈಕಲ್ ಅಂದರೆ ಭಯ. ನೆದರ್ಲೆಂಡ್ಸ್‌ನಲ್ಲಿದ್ದುಕೊಂಡು ಸೈಕಲ್‌ಗೆ ಹೆದರಿದರೆ ಬದುಕುವುದು ಹೇಗೆ? ಅದರಲ್ಲೂ ಇವರು ಶೆರ್ಪಾ! ಹಿಮಾಲಯದ ಭಾರಿ ಶಿಖರವೊಂದನ್ನು ಎಲ್ಲರಿಗಿಂತ ಬೇಗ ಹತ್ತಿದ ದಾಖಲೆ ಕೆಲವು ವರ್ಷ ಇವರ ಹೆಸರಿನಲ್ಲೇ ಇತ್ತು. ಆದರೂ ಸೈಕಲ್ ಮಾತೆತ್ತಿದರೆ, "ಬಿದ್ದರೆ ಹಿಡಿಯೋಕೆ ಹಗ್ಗ ಇಲ್ಲವಲ್ಲ?" ಅನ್ನುತ್ತಾರೆ.

ಮೈಸೂರಿನ ನಮ್ಮ ಚಿಕ್ಕಮ್ಮ ಆಫೀಸಿನವರ ಜೊತೆ ನೇಪಾಳಕ್ಕೆ ಚಾರಣ ಹೋದಾಗ ಇವರೇ ಗೈಡು. "ಸ್ವಲ್ಪ ನಿಧಾನಕ್ಕೆ ನಡೀರೀ!" ಎಂದು ಆಕೆ ದಾರಿಯುದ್ದಕ್ಕೂ ಗದರಿದಳಂತೆ. ಅಷ್ಟಾದ ಮೇಲೂ ಮದುವೆಯಾದರು ಅಂದರೆ ಮನುಷ್ಯನ ಧೈರ್ಯ ನೋಡಿ!

ಮುಂದೆ ಚಿಕ್ಕಮ್ಮನಿಗೆ ಟಿಲ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಿತು. ಡಚ್ಚಿನಲ್ಲಿ 'ಬೆರ್ಗ್' ಅಂದರೆ ಬೆಟ್ಟ ಎಂದು ಯಾರೋ ಚಿಕ್ಕಪ್ಪನ ಕಿವಿಗೆ ಹಾಕಿದ್ದರು; ಊರ ಹೆಸರಿನ 'ಬರ್ಗ್' ಬೇರೆ ಎಂದು ಹೇಳಿರಲಿಲ್ಲ. ಬೂಟು, ಹಗ್ಗ ಎಲ್ಲ ಕಟ್ಟಿಕೊಂಡು ಬಂದವರು ರೈಲಿಳಿದು ನಾಲ್ಕೂ ದಿಕ್ಕು ನೋಡಿ ಕೇಳಿದ್ದು ಒಂದೇ ಮಾತು: "ಎಲ್ಲಿ?" ಈಗ ಅದೇ ಊರಲ್ಲಿ, ದೊಡ್ಡ ಶೆಡ್ಡಿನೊಳಗೆ ಕಟ್ಟಿದ ಗೋಡೆಯ ಮೇಲೆ ಮಕ್ಕಳಿಗೆ ಹತ್ತುವುದನ್ನು ಕಲಿಸುತ್ತಾರೆ.

ನಾನು ಓದಲು ಅಲ್ಲಿಗೆ ಹೋದಾಗ ಬಾಗಿಲಲ್ಲೇ ನಗುತ್ತಾ ಕೈಮುಗಿದು, "ಎಷ್ಟು ಸಲ ಬಡ್ಕೋಬೇಕು ನಿಂಗೆ? ಊಟಕ್ಕೆ ಬಾ!" ಎಂದರು. ನಾನು ಬೆಚ್ಚಿಬಿದ್ದೆ. ಅವರ ಕನ್ನಡವೆಲ್ಲ ಚಿಕ್ಕಮ್ಮನಿಂದ ಕಲಿತದ್ದು ನೋಡಿ, ಸಿಕ್ಕಿದ್ದೆಲ್ಲ ಬೈಗುಳವೇ! ಆಕೆ 'ರೀ' ಎಂದು ಕರೆಯುವುದನ್ನು ಕೇಳಿ ಇವರೂ ಆಕೆಯನ್ನು 'ರೀ' ಅನ್ನುತ್ತಾರೆ. ಯಾರು ಯಾರನ್ನು ಕರೆದರು ಎಂಬುದು ಆ ಮನೆಯಲ್ಲಿ ಸದಾ ಗೊಂದಲ.

ಎತ್ತರದ್ದೇನನ್ನೇ ಹತ್ತುವ ಮೊದಲು ನೆಲ ಮುಟ್ಟಿ ನಮಸ್ಕರಿಸುವುದು ಅವರ ಅಭ್ಯಾಸ. ಎತ್ತರ ಅಂದರೆ ಅಲ್ಲಿ ಏನಿದೆ? ಕಾಲುವೆಯ ಸೇತುವೆ! ಒಮ್ಮೆ ಹಾಗೆ ಬಗ್ಗಿದಾಗ ಡಚ್ ಅಜ್ಜಿಯೊಬ್ಬರು ಇವರೇನೋ ಕಳೆದುಕೊಂಡರೆಂದು ತಾವೂ ಮಂಡಿಯೂರಿ ಹುಡುಕತೊಡಗಿದರು. ಪಾಪ, ಅಜ್ಜಿಯ ಮನಸ್ಸು ನೋಯಬಾರದೆಂದು ಚಿಕ್ಕಪ್ಪನೂ ಜೊತೆಗೆ ಹುಡುಕಿದರು.

ಅವರ ದಾಖಲೆಯನ್ನು ಹಳೆಯ ಗೆಳೆಯನ ಮಗ ಮುರಿದ ದಿನ ಮನೆಯಲ್ಲಿ ಪಾಯಸ.

"ಬೇಜಾರಾಗಲ್ವಾ ಚಿಕ್ಕಪ್ಪ?"

"ಹುಡುಗ ಕ್ಷೇಮವಾಗಿ ಕೆಳಗೆ ಬಂದ್ನಲ್ಲೋ, ಬುದ್ಧಿ ಇಲ್ವಾ ನಿಂಗೆ? ಇನ್ನೊಂದ್ ಲೋಟ ಕುಡಿ!"

ಹೋದ ಚಳಿಗಾಲದಲ್ಲಿ ಚಿಕ್ಕಮ್ಮನಿಗೆ ಹೃದಯದ ಆಪರೇಷನ್ ಆಯಿತು. ಆಮೇಲೆ ಆಕೆಗೆ ಹಾಸಿಗೆಯಿಂದ ಏಳಲೂ ಹೆದರಿಕೆ. ನಡೆಯಲೇಬೇಕು ಎಂದು ನರ್ಸ್ ಹೇಳಿ ಹೇಳಿ ಸುಸ್ತಾದರು. ಚಿಕ್ಕಪ್ಪ ಆಕೆಯ ಕಾಲಿಗೆ ಚಪ್ಪಲಿ ತೊಡಿಸಿ, ಎರಡೂ ಕೈ ಹಿಡಿದು ಎಬ್ಬಿಸಿದರು. ವಾರ್ಡಿನ ಓಣಿಯಲ್ಲಿ ಆಕೆಗೆ ಎದುರಾಗಿ ನಿಂತು, ತಾವು ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತಾ ನಡೆಸಿಕೊಂಡು ಹೊರಟರು. ಬೇಕಾದರೆ ಕೂರಲಿ ಎಂದು ನಾನು ಕುರ್ಚಿ ಹಿಡಿದು ಹಿಂದೆ ಬರುತ್ತಿದ್ದೆ.

"ಮುಂದೆ ನೋಡ್ಕೊಂಡು ನಡೀರೀ, ಬೀಳ್ತೀರಾ," ಎಂದಳು ಚಿಕ್ಕಮ್ಮ, ಕ್ಷೀಣವಾಗಿ.

"ನಿಮ್ಮ ಮುಖ ಕಾಣ್ಬೇಕು ರೀ. ಉಸಿರು ಸಾಲ್ದೇ ಹೋದ್ರೆ ಮೊದಲು ಮುಖದಲ್ಲೇ ಗೊತ್ತಾಗುತ್ತೆ."

ಎರಡು ಹೆಜ್ಜೆ, ನಿಲ್ಲುವುದು. ಮತ್ತೆ ಎರಡು ಹೆಜ್ಜೆ. ಓಣಿಯ ತುದಿಯ ಕಿಟಕಿ ತಲುಪುವಷ್ಟರಲ್ಲಿ ಊಟದ ಗಾಡಿ ನಮ್ಮನ್ನು ದಾಟಿ ಹೋಗಿ ಖಾಲಿಯಾಗಿ ವಾಪಸ್ಸೂ ಬಂದಿತ್ತು.

ಚಿಕ್ಕಮ್ಮ ಗಾಜಿಗೆ ಹಣೆಯಿಟ್ಟು, "ಓ, ಹಿಮ ಬಿದ್ದಿದೆ!" ಎಂದಳು.

ಚಿಕ್ಕಪ್ಪ ಹೊರಗೆ ನೋಡಲಿಲ್ಲ. ಇನ್ನೂ ಆಕೆಯ ಮುಖವನ್ನೇ ನೋಡುತ್ತಿದ್ದರು.