ಷಡ್ಡಕನ ಕ್ಲಾಸೇ ಬೇಕು!

ದೇವೀಂದ್ರಪ್ಪ ಒಂದು ಮಾತು ಆಡಿದನೆಂದರೆ ಮುಗಿಯಿತು, ಬ್ರಹ್ಮ ಬಂದರೂ ಅದನ್ನು ಅಳಿಸುವಂತಿಲ್ಲ! ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಸೊಲ್ಲಾಪುರದ ಗಿರಣಿಯಲ್ಲಿ ಕಾರಕೂನನಾಗಿದ್ದವನು ಕಲಬುರಗಿಯ ಗಿರಣಿಗೆ ಬಂದು ಹದಿನೈದು ದಿನವಾಗಿತ್ತು. ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ವರ್ಷ ತುಂಬುತ್ತ ಬಂದಿದ್ದರೂ ಗಡಿಯ ನಾಕಾದಲ್ಲಿ ಇನ್ನೂ ಟ್ರಂಕು ಬಿಚ್ಚಿಸಿ ನೋಡುತ್ತಿದ್ದರು. ರೂಪಾಯಿ ಬೇರೆ, ಕಚೇರಿಯ ಭಾಷೆ ಬೇರೆ, ಸೂಟಿಯ, ಅಂದರೆ ರಜೆಯ, ವಾರ ಕೂಡ ಬೇರೆ ಎಂದು ಅವನು ಕೇಳಿದ್ದ. ಹೀಗಾಗಿ ಸೊಲ್ಲಾಪುರದ ಗೆಳೆಯರಿಗೆ ‘ನಾನು ಪರದೇಶದಲ್ಲಿದ್ದೇನೆ’ ಎಂದೇ ಕಾಗದ ಬರೆದಿದ್ದ. ಪರದೇಶಕ್ಕೆ ಬಂದವನು ಮಗಳನ್ನು ಓಣಿಯ ಶಾಲೆಗೆ ಹಾಕಿದರೆ ಮರ್ಯಾದೆ ಉಳಿದೀತೆ?

“ಜಯಾ, ಕೇಳಿಲ್ಲಿ! ನಮ್ಮ ಶೇವಂತಾಗ ಎರಡು ಭಾಷಾ ಕಲಸೋ ಖಾಸಗಿ ಸಾಲೀನ ಬೇಕು. ಕನ್ನಡನೂ ಬರಬೇಕು, ಉರ್ದೂನೂ ಬರಬೇಕು. ಸರಕಾರ ಯಾ ಕಡಿ ಹೊಳ್ಳಿದರೂ ನನ್ನ ಮಗಳು ಬೀಳಬಾರದು!”

ಹೆಂಡತಿ ಜಯದೇವಿ ರೊಟ್ಟಿ ಬಡಿಯುತ್ತ ಅಂದಳು, “ಎದುರು ಮನಿ ಹಾಜಿರಾಬೀ ಮಕ್ಕಳು ಹೋಗೋ ಸರಕಾರಿ ಸಾಲಿ ಛಲೋ ಅದ ಅಂತಾರ್ರೀ.”

“ಸರಕಾರಿ ಸಾಲಿ? ದೇವೀಂದ್ರಪ್ಪನ ಮಗಳು?”

ಈ ಗರ್ಜನೆಗೆಲ್ಲ ಮಗಳ ಮೇಲಿನ ಮಮತೆಯೇ ಕಾರಣ ಎಂದು ತಿಳಿದರೆ ನೀವು ಮೋಸ ಹೋದಿರಿ. ಕಾರಣ ಇದ್ದದ್ದು ಹತ್ತಿರದ ಕಮಲಾಪುರದಲ್ಲಿ. ಜಯದೇವಿಯ ಅಕ್ಕ ಶಾರದಾಬಾಯಿಯನ್ನು ಅಲ್ಲಿಯ ಬಾಳೆತೋಟದ ಅಣವೀರಪ್ಪನಿಗೆ ಕೊಟ್ಟಿತ್ತು. ಅಂದರೆ ದೇವೀಂದ್ರಪ್ಪನಿಗೆ ಅವನು ಷಡ್ಡಕ. ಅತ್ತೆ ಅವನ ಎಲೆಗೆ ಹೋಳಿಗೆಯ ಮೇಲೆ ಎರಡು ಮಿಳ್ಳೆ ತುಪ್ಪ ಹಾಕಿದರೆ ಇವನ ಎಲೆಗೆ ಬರುವಾಗ ತಂಬಿಗೆ ಖಾಲಿ! ಅವನ ಮೀಸೆ ದಪ್ಪ, ಅವನ ರುಮಾಲು ದೊಡ್ಡದು, ಅವನ ತೋಟದ ಕೆಂಪು ಬಾಳೆಹಣ್ಣು ಊರೂರಿಗೆ ಹೆಸರುವಾಸಿ. ಅದನ್ನೆಲ್ಲ ದೇವೀಂದ್ರಪ್ಪ ಹಲ್ಲು ಕಚ್ಚಿ ಸಹಿಸಿದ್ದ. ಸಹಿಸಲಾರದ್ದು ಅಣವೀರಪ್ಪನ ಮಗಳು ಕಾಶೀಬಾಯಿಯನ್ನು. ಹಿಂದಿನ ದಿನ ಕಮಲಾಪುರಕ್ಕೆ ಊಟಕ್ಕೆ ಹೋದಾಗ ಆ ಹುಡುಗಿ ಬಂದವರೆಲ್ಲರ ಮುಂದೆ ಒಂದು ಪದ್ಯ ಕನ್ನಡದಲ್ಲಿ, ಇನ್ನೊಂದು ಉರ್ದುವಿನಲ್ಲಿ ಗಡಗಡ ಒಪ್ಪಿಸಿದ್ದಳು. ಜನ ವಾಹವಾ ಅಂದರು. ದೇವೀಂದ್ರಪ್ಪನ ಗಂಟಲಲ್ಲಿ ಬಾಳೆಹಣ್ಣು ಕೂಡ ಇಳಿಯಲಿಲ್ಲ.

ಸಾಲದ್ದಕ್ಕೆ ಬರುವಾಗ ಜಯದೇವಿ ಬಸ್ಸಿನಲ್ಲಿ ಪಿಸುಗುಟ್ಟಿದಳು, “ಅಕ್ಕನ ಮನಿಯವರು ಕಲಬುರಗ್ಯಾಗ ಇನಾಯತ್ ಮಾಸ್ತರ್ ಸಾಲ್ಯಾಗ ಹೆಸರು ಹಚ್ಚ್ಯಾರಂತ್ರೀ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿ ಹೇಳ್ಯಾಳ.”

“ಯಾರ ಹೆಸರು?”

“ಅದನ್ನ ಹೇಳಲಿಲ್ಲ.”

ಹೇಳುವುದೇನು ಬಂತು? ಕಾಶೀಬಾಯಿಯದೇ! ಮಗಳನ್ನು ಗುಟ್ಟಾಗಿ ಪಟ್ಟಣದ ಶಾಲೆಗೆ ಸೇರಿಸಿ, ನಾಳೆ ಮುಂದೆ ತಂದು ನಿಲ್ಲಿಸಿ ತನ್ನ ಮೂಗು ಕೊಯ್ಯುವ ಹುನ್ನಾರ! ಅಂದು ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ.

ಮರುದಿನವೇ ಕರಿ ಟೋಪಿ ಹಾಕಿಕೊಂಡು ಇನಾಯತ್ ಮಾಸ್ತರರ ಮುಂದೆ ಹಾಜರಾದ. ಶಾಲೆ ಎಂದರೆ ಒಂದು ಹಳೇ ವಾಡೆ, ಒಂದು ಬೇವಿನ ಮರ, ಎರಡು ಭಾಷೆಯ ಬೋರ್ಡು.

“ಬರ್ರಿ ಸಾಹೇಬ್ರೇ, ಕೂಡ್ರಿ. ಏನು ಹುಕುಂ?”

“ಕಮಲಾಪುರದ ಅಣವೀರಪ್ಪನವರು ನಿಮ್ಮಲ್ಲಿ ಹೆಸರು ಹಚ್ಚ್ಯಾರಲ್ರೀ?”

“ಹೌದ್ರೀ, ಹೌದು. ಬಾಳ ಹುರುಪಿನ ಮನಷ್ಯಾ!”

“ಹಂಗಾದ್ರ ಅವರದು ಯಾ ಕ್ಲಾಸೋ ನಮ್ಮದೂ ಅದೇ ಕ್ಲಾಸು. ಒಂದು ಮೆಟ್ಟಲ ಕೆಳಗ ನಡೆಂಗಿಲ್ಲ!”

ಮಾಸ್ತರರು ಸಂತೋಷದಿಂದ ಒಂದು ಫಾರಂ ಎಳೆದುಕೊಂಡರು. ಅರ್ಧ ಕನ್ನಡ, ಅರ್ಧ ಉರ್ದು. ಹೆಸರು ಕೇಳಿದರು, ಎಲ್ಲ ತಂದೆಯಂದಿರೂ ಮಾಡುವಂತೆ ಇವನು ಮೊದಲು ತನ್ನ ಹೆಸರು ಹೇಳಿದ. ವಯಸ್ಸು ಕೇಳಲೇ ಇಲ್ಲ, ಕನ್ನಡಕದ ಮೇಲಿಂದ ಇವನ ಮುಖ ನೋಡಿ ಬರೆದುಕೊಂಡರು. ಎಂಥ ಅನುಭವಸ್ಥ ಮಾಸ್ತರು ಎಂದು ದೇವೀಂದ್ರಪ್ಪ ಬೆರಗಾದ!

“ಒಮ್ಮಿ ಓದಿ ಸಹಿ ಮಾಡ್ರಿ.”

ಇಲ್ಲೇ ಇತ್ತು ಗ್ರಹಚಾರ. ದೇವೀಂದ್ರಪ್ಪನ ಮನೆಮಾತು ಕನ್ನಡ, ಆದರೆ ಸೊಲ್ಲಾಪುರದಲ್ಲಿ ಅವನು ಕಲಿತದ್ದು ಮರಾಠಿ ಶಾಲೆ. ಕನ್ನಡ ಅಕ್ಷರ ಅವನ ಪಾಲಿಗೆ ಜಿಲೇಬಿ, ಉರ್ದುವಂತೂ ಯಾವ ಕಡೆಯಿಂದ ಹಿಡಿಯಬೇಕೆಂಬುದೇ ಗೊತ್ತಿಲ್ಲ. ‘ನನಗೆ ಓದಲು ಬರುವುದಿಲ್ಲ’ ಎಂದುಬಿಟ್ಟರೆ ಮಾತು ವಾರದೊಳಗೆ ಕಮಲಾಪುರ ಮುಟ್ಟದೇ ಇದ್ದೀತೆ? ಹಾಳೆಯನ್ನು ಮುಖದ ಹತ್ತಿರ ಹಿಡಿದು, ಹುಬ್ಬು ಗಂಟಿಕ್ಕಿ, ಎರಡು ಕಡೆ ತಲೆದೂಗಿ, ಠೀವಿಯಿಂದ ಮರಾಠಿಯಲ್ಲಿ ಸಹಿ ಗೀಚಿದ.

“ಐತಾರ ಮುಂಜಾನಿ ಎಂಟಕ್ಕ ಬರ್ರಿ. ಪಾಟಿ, ಬಳಪ ಮರೀಬ್ಯಾಡ್ರಿ.”

“ಐತಾರ ಸಾಲಿ?” ಭಾನುವಾರ ಶಾಲೆ ಎಂದು ಕೇಳಿ ಮನೆಯಲ್ಲಿ ಜಯದೇವಿ ಹುಬ್ಬೇರಿಸಿದಳು.

“ಹುಚ್ಚಿ! ನಿಜಾಮನ ಮುಲುಕಿನ್ಯಾಗ ಸೂಟಿ ಶುಕ್ರವಾರ. ಪರದೇಶದ ರಿವಾಜು ನಿನಗೇನು ತಿಳೀತದ?”

ಅದೇ ಮುಲುಕಿನ ಕಮಲಾಪುರದಲ್ಲಿ ಹುಟ್ಟಿ ಬೆಳೆದ ಜಯದೇವಿ ಅವನನ್ನೊಮ್ಮೆ ನೋಡಿ ರೊಟ್ಟಿ ಬಡಿಯತೊಡಗಿದಳು.

ಐತಾರ ಬಂತು. ಶೇವಂತಾಳಿಗೆ ಉಡಲು ಹೊಸ ಪರಕಾರ, ಎರಡು ಜಡೆ, ಕೈಯಲ್ಲಿ ಹೊಸ ಪಾಟಿ. ದಾರಿಯುದ್ದಕ್ಕೂ ದೇವೀಂದ್ರಪ್ಪ, “ಕಾಶೀಬಾಯಿ ಬಾಜೂಕ ಕೂಡು. ಆಕಿ ಒಂದು ಪದ್ಯ ಹೇಳಿದರ ನೀ ಎರಡು ಹೇಳು,” ಎಂದು ತಿದಿ ಒತ್ತುತ್ತಲೇ ಇದ್ದ.

ವಾಡೆಯ ಪಡಸಾಲೆಯಲ್ಲಿ ಒಂದು ಮಗುವೂ ಇರಲಿಲ್ಲ. ಸಾಲಾಗಿ ಕೂತಿದ್ದವರು ರುಮಾಲಿನವರು, ಮೀಸೆಯವರು, ತೊಡೆಯ ಮೇಲೆ ಪಾಟಿ ಇಟ್ಟುಕೊಂಡ ಇಪ್ಪತ್ತು ಗಂಡಸರು! ಓಣಿಯಲ್ಲಿ ಟಾಂಗಾ ಹೊಡೆಯುವ ಚಾಂದಪಾಶಾ ನಾಲಿಗೆ ಕಚ್ಚಿಕೊಂಡು ‘ಕ’ ತಿದ್ದುತ್ತಿದ್ದ. ಹಿಂದಿನ ಸಾಲಿನಲ್ಲಿ ಒಬ್ಬ ಭಾರಿ ಆಸಾಮಿ ಪಾಟಿಯನ್ನೇ ಮುಖಕ್ಕೆ ಮರೆ ಹಿಡಿದಿದ್ದ. ಪಾಟಿ ಎಷ್ಟೆಂದು ಮುಚ್ಚೀತು? ಎರಡೂ ಕಡೆ ಮೀಸೆ ಕಾಣುತ್ತಿತ್ತು.

“ದೊಡ್ಡಪ್ಪಾ!” ಎಂದು ಶೇವಂತಾ ಕೂಗಿದಳು.

ಅಷ್ಟರಲ್ಲಿ ಮಾಸ್ತರರು ಹಾಜರಿ ತೆಗೆದರು. “ದೇವೀಂದ್ರಪ್ಪ, ಸೊಲ್ಲಾಪುರ!”

“ಅಪ್ಪಾ, ನಿನ್ನ ಹೆಸರು!”

ದೇವೀಂದ್ರಪ್ಪ ಮಾಸ್ತರರ ಕಿವಿಯಲ್ಲಿ, “ಸಾಹೇಬ್ರ, ಎಲ್ಲೋ ತಪ್ಪ್ಯಾದ. ಹೆಸರು ಹಚ್ಚಿದ್ದು ಮಗಳದು,” ಎಂದ. ಮಾಸ್ತರರು ಫಾರಂ ತೆಗೆದು ಗಟ್ಟಿಯಾಗಿ ಓದಿದರು, “ದೊಡ್ಡವರ ಕನ್ನಡ ವರ್ಗ, ವಿದ್ಯಾರ್ಥಿ ದೇವೀಂದ್ರಪ್ಪ, ವಯಸ್ಸು ಮೂವತ್ತೆಂಟು. ಓದಿ ನೋಡೇ ಸಹಿ ಮಾಡೀರಲ್ರೀ?”

ಪಾಟಿ ಕೆಳಗಿಳಿಯಿತು. ಅಣವೀರಪ್ಪ ಕಿವಿ ನಿಮಿರಿಸಿ ಕೂತಿದ್ದ. ಈಗ ಎರಡೇ ದಾರಿ. ಓದಲು ಬರದೇ ಸಹಿ ಹಾಕಿದೆ ಎಂದು ಷಡ್ಡಕನ ಎದುರು ಒಪ್ಪಿಕೊಳ್ಳುವುದು, ಇಲ್ಲವೇ ಕೂಡುವುದು. ದೇವೀಂದ್ರಪ್ಪ ಟೋಪಿ ಸರಿಮಾಡಿಕೊಂಡು, “ಹೌದ್ರೀ, ನಾ ಬೇಕಂತನ ಹಚ್ಚೀನಿ!” ಎಂದು ಮಗಳ ಕೈಯ ಪಾಟಿ ಕಸಿದುಕೊಂಡು ಷಡ್ಡಕನ ಮಗ್ಗುಲಿಗೆ ಕೂತ.

ಅಣವೀರಪ್ಪ ಅವನ ಕಡೆ ವಾಲಿ ಬಾಯಿ ಬಿಟ್ಟ. “ನಿಮ್ಮಿಂದನ ಇಲ್ಲಿ ಬಂದು ಬಿದ್ದೀನ್ರೀ. ನಾ ಕಲತದ್ದೆಲ್ಲಾ ಉರ್ದು. ಸೊಲ್ಲಾಪುರದ ಷಡ್ಡಕ ಬರ್ತಾನ, ಬಾಳ ಓದಿದಾಂವ, ಅವನ ಮುಂದ ಕನ್ನಡ ಕಾಗದ ಓದಾಕ ಬರಲಿಲ್ಲಂದ್ರ ಹ್ಯಾಂಗ ಅಂತ ಹೊಟ್ಯಾಗ ಬೆಂಕಿ ಬಿದ್ದಿತ್ತು.”

ದೇವೀಂದ್ರಪ್ಪನಿಗೆ ಹಬ್ಬವಾಯಿತು. ತನ್ನ ಮೇಲೂ ಹೊಟ್ಟೆಕಿಚ್ಚು ಪಡುವವನೊಬ್ಬ ಇದ್ದಾನೆ! ಆ ಆನಂದ ಅಣವೀರಪ್ಪನ ಪಾಟಿಯ ಮೇಲೆ ಕಣ್ಣು ಬೀಳುವವರೆಗೆ ಇತ್ತು. ಅವನ ‘ಅ’ ಗುಂಡಗೆ ಮುದ್ದಾಗಿ ಕೂತಿತ್ತು. ತನ್ನದು ಕಾಲು ಮುರಿದ ಕುರ್ಚಿ.

ಶೇವಂತಾಳ ಗತಿ? ಜಯದೇವಿ ಸೋಮವಾರವೇ ಹಾಜಿರಾಬೀಯ ಜೊತೆ ಹೋಗಿ ಸರಕಾರಿ ಶಾಲೆಗೆ ಹಾಕಿ ಬಂದಳು. ಗಂಡನನ್ನು ಒಂದು ಮಾತೂ ಕೇಳಲಿಲ್ಲ. ಸೊಲ್ಲಾಪುರದ ಕನ್ನಡ ಶಾಲೆಯಲ್ಲಿ ಎರಡು ಇಯತ್ತೆ ಓದಿ ಮುಗಿಸಿದ್ದ ಹುಡುಗಿ ಅಲ್ಲಿ ನೀರಿಗೆ ಬಿದ್ದ ಮೀನಾದಳು.

ತಿಂಗಳಿಗೆ ದೊಡ್ಡವರ ವರ್ಗದ ಪರೀಕ್ಷೆಯಾಯಿತು. ಉತ್ತರದ ಹಾಳೆಗೆ ಮನೆಯವರ ಸಹಿ ಹಾಕಿಸಿಕೊಂಡು ಬರಬೇಕೆಂದು ಮಾಸ್ತರರ ಅಪ್ಪಣೆ. ಜಯದೇವಿಗೆ ಅಕ್ಷರ ಬಾರದು. ಉಳಿದವಳು ಶೇವಂತಾ. ದೇವೀಂದ್ರಪ್ಪ ಹಾಳೆಯನ್ನು ಮಡಚಿ, ಸಹಿಯ ಜಾಗವಷ್ಟೇ ಕಾಣುವಂತೆ ಹಿಡಿದ. ಅವಳು ಕನ್ನಡದಲ್ಲಿ ಅಂದವಾಗಿ ‘ಶೇವಂತಾ’ ಎಂದು ಬರೆದಳು.

“ಇಷ್ಟೇ ಏನು? ನಿಮ್ಮ ದೊಡ್ಡಪ್ಪನ ಹಾಳಿಗಿ ಕಾಶೀಬಾಯಿ ಕನ್ನಡದಾಗೊಂದು, ಉರ್ದೂದಾಗೊಂದು ಸಹಿ ಹಾಕ್ಯಾಳ! ಎಲ್ಲಾರಿಗೂ ತೋರಸಾಕತ್ತಿದ್ದ. ನೀನೂ ಎರಡರಾಗ ಹಾಕು!”

ಶೇವಂತಾ ಹಾಳೆ ಕಸಿದು ಮಡಿಕೆ ಬಿಚ್ಚಿದಳು. ನೂರಕ್ಕೆ ಹನ್ನೊಂದು.

“ಹಾಕ್ತೀನಪ್ಪಾ,” ಅಂದಳು, “ಮೊದಲ ನೀ ಒಂದರಾಗರ ಪಾಸಾಗು!”